‘ಬಂಡವಾಳ ವೆಚ್ಚ’ಕ್ಕೆ ಬೇರೆ ಪದ ಇದೆಯೇ?

ಗೆಳೆಯರೇ,

ಬಜೆಟ್ ಸುದ್ದಿಯಲ್ಲಿ ‘ಬಂಡವಾಳ ವೆಚ್ಚ’ ಎಂದು ಓದಿದಾಗ ನಿಮಗೆ ಏನು ಹೊಳೆಯುತ್ತದೆ? 2025-26ರ ಕೇಂದ್ರ ಬಜೆಟ್ಟಿನಲ್ಲಿ ಇದಕ್ಕೆ 11.21 ಲಕ್ಷ ಕೋಟಿ ರೂಪಾಯಿ ಇಟ್ಟಿದ್ದರು. ಎಷ್ಟೋ ಜನ ಇದನ್ನು ‘ಮೂಲಸೌಕರ್ಯಕ್ಕೆ ಇಟ್ಟ ಹಣ’ ಎಂದೇ ಓದಿಕೊಳ್ಳುತ್ತಾರೆ. ರಸ್ತೆ, ರೈಲು, ಸೇತುವೆ. ಆದರೆ ಅದರೊಳಗೆ 1.80 ಲಕ್ಷ ಕೋಟಿ ರಕ್ಷಣಾ ಇಲಾಖೆಯದು, ಅಂದರೆ ಹೆಚ್ಚಾಗಿ ಯುದ್ಧವಿಮಾನ, ಹಡಗು, ಫಿರಂಗಿಗಳದು.

ಲೆಕ್ಕ ಬರೆಯುವವರ ಪ್ರಕಾರ ಇದು ಸರಿಯೇ. ವರ್ಷಗಟ್ಟಲೆ ಬಾಳುವ ಆಸ್ತಿಗೆ ಹಾಕಿದ್ದು ಬಂಡವಾಳ ವೆಚ್ಚ. ಸಂಬಳ, ಪಿಂಚಣಿ, ಬಡ್ಡಿ ಎಲ್ಲ ರಾಜಸ್ವ ವೆಚ್ಚ. ಆದರೆ ನಮ್ಮ ಮಾತಿನಲ್ಲಿ ಬಂಡವಾಳ ಅಂದರೆ ಅಂಗಡಿಗೋ ತೋಟಕ್ಕೋ ಹಾಕಿದ ದುಡ್ಡು, ಮುಂದೆ ಹುಟ್ಟುವಳಿ ಕೊಡಬೇಕಾದ ದುಡ್ಡು, ಅಲ್ವಾ? ಯುದ್ಧದ ಟ್ಯಾಂಕು ದೇಶಕ್ಕೆ ಬೇಕಿರಬಹುದು, ಅದರಿಂದ ಹುಟ್ಟುವಳಿ ಇಲ್ಲ. ಇನ್ನೊಂದು ಕಡೆ ನೋಡಿ, ಸರ್ಕಾರಿ ಶಾಲೆಯ ಕಟ್ಟಡ ಬಂಡವಾಳ, ಒಳಗೆ ಪಾಠ ಹೇಳುವ ಮೇಷ್ಟ್ರ ಸಂಬಳ ರಾಜಸ್ವ. ಹಾಗಾಗಿ ‘ರಾಜಸ್ವ ವೆಚ್ಚ ಜಾಸ್ತಿಯಾಯಿತು’ ಎಂದ ಕೂಡಲೇ ಸುಮ್ನೆ ಪೋಲಾದ ಹಣ ಎಂಬ ಭಾವನೆ ಬರುತ್ತದೆ. ಸೇನೆಗೆ ಎಷ್ಟು, ಶಾಲೆ ಆಸ್ಪತ್ರೆಗೆ ಎಷ್ಟು ಎಂದು ಜನ ವಾದ ಮಾಡಬೇಕಾದ ಜಾಗದಲ್ಲೇ ಪದಗಳು ಹೀಗೆ ದಾರಿ ತಪ್ಪಿಸಿದರೆ ನನಗೆ ನಿಜಕ್ಕೂ ಬೇಸರ.

‘ಮೂಲಸೌಕರ್ಯ’ದಲ್ಲೂ ತೊಡಕಿದೆ. ಹಿಮಾಚಲ ಪ್ರದೇಶದ ರೋಹ್ತಾಂಗ್ ಕಣಿವೆದಾರಿಯ ಕೆಳಗಿನ ಅಟಲ್ ಸುರಂಗ 2020ರಲ್ಲಿ ತೆರೆಯಿತು. ಕಟ್ಟಿದ್ದು ರಕ್ಷಣಾ ಇಲಾಖೆಯ ಕೆಳಗಿರುವ ಗಡಿ ರಸ್ತೆ ಸಂಸ್ಥೆ. ಸೇನೆಯ ಲಾರಿ ಹೋಗುತ್ತದೆ, ಹಿಮ ಬಿದ್ದಾಗ ತಿಂಗಳುಗಟ್ಟಲೆ ದಾರಿಯಿಲ್ಲದೆ ಉಳಿಯುತ್ತಿದ್ದ ಲಾಹೌಲ್ ಜನರೂ ಹೋಗುತ್ತಾರೆ. ಅದನ್ನು ಮೂಲಸೌಕರ್ಯ ಅನ್ನಲು ನನ್ನ ತಕರಾರಿಲ್ಲ. ಕಾರವಾರದ ಸೀಬರ್ಡ್ ನೌಕಾನೆಲೆಯಲ್ಲಿ ಹಡಗು ನಿಲ್ಲುವ ಧಕ್ಕೆಯೂ ಕಲ್ಲು ಕಾಂಕ್ರೀಟಿನದೇ, ಆದರೆ ಅಲ್ಲಿ ಮೀನುಗಾರರು ದೋಣಿ ಕಟ್ಟುವಂತಿಲ್ಲ. ಎರಡಕ್ಕೂ ಒಂದೇ ಪದ ಸಾಕೇ? ಜನ ಬಳಸುವಂಥದ್ದಕ್ಕೆ ‘ಸಾರ್ವಜನಿಕ ಸೌಕರ್ಯ’ ಎಂದು ಬೇರೆಯಾಗಿಯೇ ಬರೆಯುವುದು ಒಳ್ಳೆಯದು ಅನ್ನಿಸುತ್ತದೆ.

‘ಬಂಡವಾಳ ವೆಚ್ಚ’ಕ್ಕೆ ‘ಆಸ್ತಿ ಖರ್ಚು’, ‘ರಾಜಸ್ವ ವೆಚ್ಚ’ಕ್ಕೆ ‘ನಡೆಸುವ ಖರ್ಚು’ ಎಂದರೆ ಹೇಗೆ? ಪಂಚಾಯಿತಿ ಲೆಕ್ಕ ಬರೆಯುವವರು, ಸಹಕಾರ ಸಂಘಗಳಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ತಿಳಿಸಿ: ಕಡತದಲ್ಲಿ ಬರೆಯುವ ಪದ ಬಿಡಿ, ಪಕ್ಕದಲ್ಲಿ ಕೂತವರಿಗೆ ವಿವರಿಸುವಾಗ ಇವೆರಡಕ್ಕೂ ನೀವು ಏನು ಅನ್ನುತ್ತೀರಿ?