ಪದಚರ್ಚೆ: ಮೆಥೋಡಿಸ್ಟರ ‘ಸರ್ಕಿಟ್’ಗೆ ‘ಸರ್ಕೀಟು’ ಅಂದರೆ ನಡೆಯುತ್ತಾ?

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಮೆಥೋಡಿಸ್ಟ್ ಸಭೆ (ಇಂಗ್ಲೆಂಡಿನ ಜಾನ್ ವೆಸ್ಲಿ ಶುರುಮಾಡಿದ ಕ್ರೈಸ್ತ ಪಂಥ) ಬೆಳೆದ ಮೊದಲ ಐವತ್ತು ವರ್ಷಗಳ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಸಂಗತಿಗಳೆಲ್ಲ ಕೈಯಲ್ಲಿವೆ. ತೊಡಕಿರುವುದು ಪದಗಳಲ್ಲಿ. ಸರ್ಕಿಟ್, ಕ್ಲಾಸ್, ‘ಲೊಕೇಟ್’ ಆಗುವುದು, ಈ ಮೂರಕ್ಕೆ ನಿಮ್ಮ ಸಲಹೆ ಬೇಕು.

ಮೊದಲು ಸರ್ಕಿಟ್. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯಲ್ಲಿ ಚರ್ಚು ಒಂದು ಕಡೆ ಇರುತ್ತಿತ್ತು, ಜನ ಅಲ್ಲಿಗೆ ಹೋಗುತ್ತಿದ್ದರು. ಅಮೆರಿಕದ ಕಾಡಂಚಿನಲ್ಲಿ ಚರ್ಚೇ ಇರಲಿಲ್ಲ. ಮನೆಗಳು ಮೈಲಿಗೊಂದು. ಹಾಗಾಗಿ ಮೆಥೋಡಿಸ್ಟರು ಬೋಧಕನನ್ನೇ ಕುದುರೆ ಹತ್ತಿಸಿ ಜನರ ಹತ್ತಿರ ಕಳಿಸಿದರು. ಜೀನಿನ ಚೀಲದಲ್ಲಿ ಬೈಬಲ್ಲು, ಹಾಡಿನ ಪುಸ್ತಕ, ಸಭೆಯ ನಿಯಮಗಳ ಪುಸ್ತಕ. ಇಪ್ಪತ್ತು ಮೂವತ್ತು ಕಡೆ ನಿಲ್ಲುತ್ತಾ, ಮರದ ದಿಮ್ಮಿಯ ಮನೆಯಲ್ಲೋ ಕಣಜದಲ್ಲೋ ಬೋಧಿಸುತ್ತಾ ಹೋದರೆ ಹೊರಟ ಜಾಗಕ್ಕೆ ಮರಳಲು ನಾಲ್ಕು ವಾರವೋ ಆರು ವಾರವೋ ಹಿಡಿಯುತ್ತಿತ್ತು. ಮತ್ತೆ ಅದೇ ದಾರಿ. ಮಳೆ ಹಿಮ ಅಂತ ನಿಲ್ಲುವಂತಿಲ್ಲ. ಹವೆ ತೀರಾ ಕೆಟ್ಟ ದಿನ ‘ಇವತ್ತು ಹೊರಗಿರೋದು ಕಾಗೆಗಳು, ಮೆಥೋಡಿಸ್ಟ್ ಬೋಧಕರು ಅಷ್ಟೇ’ ಎಂದು ಜನ ಹೇಳುತ್ತಿದ್ದರಂತೆ.

ಇದಕ್ಕೆ ನನಗೆ ತಟ್ಟನೆ ಹೊಳೆದದ್ದು ನಮ್ಮ ಹಳೆಯ ‘ಸರ್ಕೀಟು’. ‘ಅಮಲ್ದಾರರು ಸರ್ಕೀಟು ಹೋಗಿದ್ದಾರೆ’ ಎನ್ನುವ ಸರ್ಕೀಟು. ಮೂಲವೂ ಅದೇ ಇಂಗ್ಲಿಷ್ ಪದ. ಗೊತ್ತಾದ ದಾರಿ, ಗೊತ್ತಾದ ಮೊಕ್ಕಾಂ, ಎಲ್ಲವೂ ಹೊಂದುತ್ತದೆ. ಆದರೆ ಎರಡು ಅಡ್ಡಿಗಳಿವೆ. ಒಂದು, ನಮ್ಮಲ್ಲಿ ಸರ್ಕೀಟು ಅಂದರೆ ಪ್ರಯಾಣ ಮಾತ್ರ. ಮೆಥೋಡಿಸ್ಟರಲ್ಲಿ ಅದು ಆ ಪ್ರದೇಶ ಮತ್ತು ಅಲ್ಲಿನ ಸದಸ್ಯರಿಗೂ ಹೆಸರು. ಎರಡು, ಸರ್ಕೀಟಿನಲ್ಲಿ ಸಾಹೇಬರ ದರ್ಪದ ವಾಸನೆ ಇದೆ. ಈ ಬೋಧಕರಿಗೆ ಸಿಗುತ್ತಿದ್ದದ್ದು ವರ್ಷಕ್ಕೆ 64 ಡಾಲರ್, 1800ರಿಂದ 80. ಅಮೆರಿಕದ ಮೆಥೋಡಿಸ್ಟರ ಮುಖಂಡ ಬಿಷಪ್ ಫ್ರಾನ್ಸಿಸ್ ಆಸ್ಬರಿಯವರಿಗೂ ಅಷ್ಟೇ. ಅದೂ ಎಷ್ಟೋ ಕಡೆ ಪೂರ್ತಿ ಕೈಗೆ ಬರುತ್ತಿರಲಿಲ್ಲ.

‘ಸಂಚಾರಿ ಬೋಧಕ’ ಎನ್ನಬಹುದು, ಆದರೆ ಅದರಲ್ಲಿ ಸುತ್ತಿ ಬಂದು ಮತ್ತೆ ಅಲ್ಲಿಗೇ ಸೇರುವ ಅರ್ಥ ಇಲ್ಲ. ‘ಜಂಗಮ’ ಎಂದು ಗೆಳೆಯರೊಬ್ಬರು ಸೂಚಿಸಿದರು. ಚಂದದ ಪದ. ಆದರೆ ನಮ್ಮಲ್ಲಿ ಅದಕ್ಕೆ ಅದರದ್ದೇ ಆದ ದೊಡ್ಡ ಅರ್ಥ, ಗೌರವ ಇದೆ. ಅದನ್ನು ಎತ್ತಿ ಇಲ್ಲಿ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ಮೆಥೋಡಿಸ್ಟ್ ಬೋಧಕ ತನ್ನಿಷ್ಟಕ್ಕೆ ತಿರುಗುವವನೂ ಅಲ್ಲ. ವರ್ಷಕ್ಕೊಮ್ಮೆ ಬೋಧಕರ ಸಮಾವೇಶವಾದ ಕಾನ್ಫರೆನ್ಸ್ ಸೇರಿ, ಬಿಷಪ್ ಪಟ್ಟಿ ಓದಿ, ಯಾರು ಎಲ್ಲಿಗೆ ಎಂದು ಹೇಳುತ್ತಿದ್ದರು. ಹೇಳಿದ ಕಡೆ ಹೋಗಬೇಕು. ಒಂದೇ ಕಡೆ ಎರಡು ವರ್ಷಕ್ಕಿಂತ ಜಾಸ್ತಿ ಇರುವಂತಿಲ್ಲ ಎಂದು 1804ರಲ್ಲಿ ನಿಯಮವೇ ಬಂತು.

ಸದ್ಯಕ್ಕೆ ನನ್ನ ಒಲವು ಬರಿಯ ‘ಸುತ್ತು’ ಕಡೆಗೆ. ‘ನಾಲ್ಕು ವಾರದ ಸುತ್ತು’, ‘ಬಾಲ್ಟಿಮೋರ್ ಸುತ್ತಿನ ಸದಸ್ಯರು’, ‘ಸುತ್ತುಬೋಧಕ’. ತಿರುಗಾಟಕ್ಕೂ ಆಯಿತು, ಪ್ರದೇಶಕ್ಕೂ ಆಯಿತು.

ಇನ್ನು ಕ್ಲಾಸ್, ಅಂದರೆ ಒಬ್ಬ ಲೀಡರ್‌ನ ಕೆಳಗೆ ಸೇರುವ ಹನ್ನೆರಡು ಸದಸ್ಯರ ಆಸುಪಾಸಿನ ಸಣ್ಣ ಗುಂಪು. ‘ತರಗತಿ’ ಅಂದರೆ ಕಣ್ಣ ಮುಂದೆ ಕರಿಹಲಗೆ ಬರುತ್ತದೆ. ‘ವರ್ಗ’ ಅಂದರೆ ಮೇಲೆ ಹೇಳಿದ ಬೋಧಕರ ವರ್ಗಾವಣೆಯ ಜೊತೆ ಸಿಕ್ಕಿಹಾಕಿಕೊಳ್ಳುತ್ತದೆ. ‘ಬೋಧಕರಿಗೆ ವರ್ಗವಾಯಿತು, ವರ್ಗ ಹಾಗೇ ಉಳಿಯಿತು’ ಎಂದು ಬರೆದರೆ ಓದುವವರ ಗತಿ ಏನು? ಈ ಏರ್ಪಾಡು ಶುರುವಾದದ್ದು 1742ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ಸಭಾಮಂದಿರದ ಸಾಲ ತೀರಿಸಲು ವಾರಕ್ಕೆ ತಲೆಗೊಂದು ಪೆನ್ನಿ ಎತ್ತಬೇಕಿತ್ತು. ಹನ್ನೆರಡು ಜನಕ್ಕೆ ಒಬ್ಬ ಎಂದು ಹಂಚಿದರು. ದುಡ್ಡು ಎತ್ತಲು ಮನೆಮನೆಗೆ ಹೋದವರಿಗೆ ಜನರ ಕಷ್ಟಸುಖ, ನಡತೆ ಎಲ್ಲ ತಿಳಿಯತೊಡಗಿತು. ಜಾನ್ ವೆಸ್ಲಿ ಅದನ್ನೇ ಹಿಡಿದು ಸಭೆಯ ಬುನಾದಿ ಮಾಡಿದರು.

ಅಮೆರಿಕದಲ್ಲಿ ಈ ಗುಂಪುಗಳಿಗೆ ಇನ್ನೂ ಹೆಚ್ಚಿನ ತೂಕ. ಬೋಧಕ ತಿಂಗಳಿಗೊಮ್ಮೆ ಬಂದು ಹೋಗುವವನು. ಉಳಿದ ದಿನಗಳಲ್ಲಿ ಸಭೆಯನ್ನು ಹಿಡಿದಿಟ್ಟವರು ಅದೇ ಊರಿನ ಕ್ಲಾಸ್ ಲೀಡರ್‌ಗಳು. ಉಳುಮೆ ಮಾಡುವವರು, ಕುಲುಮೆಯವರು. ವಾರಕ್ಕೊಮ್ಮೆ ಸೇರಿ, ಒಬ್ಬೊಬ್ಬರನ್ನೂ ‘ನಿನ್ನ ಆತ್ಮ ಹೇಗಿದೆ’ ಎಂದು ಕೇಳುವುದು ಅವರ ಕೆಲಸ. ಮೂರು ತಿಂಗಳಿಗೊಮ್ಮೆ ಸದಸ್ಯರಿಗೆ ಒಂದು ಚೀಟಿ. ರೊಟ್ಟಿ ನೀರು ಹಂಚಿಕೊಂಡು ತಮ್ಮ ನಂಬಿಕೆಯ ಅನುಭವದ ಸಾಕ್ಷಿ ಹೇಳುವ ಪ್ರೀತಿಭೋಜನಕ್ಕೆ ಆ ಚೀಟಿ ತೋರಿಸಿ ಒಳಗೆ ಹೋಗಬೇಕು. 1773ರಲ್ಲಿ ಫಿಲಡೆಲ್ಫಿಯಾದ ಮೊದಲ ಕಾನ್ಫರೆನ್ಸ್‌ನಲ್ಲಿ ಲೆಕ್ಕ ಸಿಕ್ಕ ಸದಸ್ಯರು 1,160, ಬೋಧಕರು 10. ಆಸ್ಬರಿ ತೀರಿಕೊಂಡ 1816ರ ಹೊತ್ತಿಗೆ ಸದಸ್ಯರು ಎರಡು ಲಕ್ಷ ದಾಟಿದ್ದರು. ಕುದುರೆಯ ಬೋಧಕರಿಗೆ ಸಿಕ್ಕಷ್ಟು ಹೆಸರು ಈ ಲೀಡರ್‌ಗಳಿಗೆ ಸಿಕ್ಕಿಲ್ಲ. ಅದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಹಾಗಾಗಿ ಇದಕ್ಕೆ ಒಂದು ಒಳ್ಳೆಯ ಪದ ಬೇಕೇ ಬೇಕು. ‘ಕೂಟ’ ಎಲ್ಲ ಬಗೆಯ ಸೇರುವಿಕೆಗೂ ಬಳಕೆಯಾಗಿ ಹೋಗಿದೆ. ‘ತಂಡ’, ‘ತಂಡದ ನಾಯಕ’ ಆಗಬಹುದಾ?

ಮೂರನೆಯದು ಲೊಕೇಟ್. ಮದುವೆಯಾಗಿ, ಮಕ್ಕಳಾಗಿ, ಆ ಪುಡಿಗಾಸಿನಲ್ಲಿ ಸಂಸಾರ ಸಾಗದೆ ಬೋಧಕ ಒಂದೂರಲ್ಲಿ ಹೊಲ ಹಿಡಿದರೆ ‘ಲೊಕೇಟ್ ಆದ’ ಎನ್ನುತ್ತಿದ್ದರು. ಸುತ್ತುವವರ ಪಟ್ಟಿಯಿಂದ ಹೆಸರು ಹೋಗುತ್ತಿತ್ತು. ಭಾನುವಾರ ಬೋಧಿಸಬಹುದಿತ್ತು, ಕಾನ್ಫರೆನ್ಸ್‌ನಲ್ಲಿ ಮತ ಇರಲಿಲ್ಲ. ‘ನೆಲೆ ನಿಂತ’ ಅಂದರೆ ಕನ್ನಡದಲ್ಲಿ ಅದು ಸುಖದ ಮಾತು, ಅಲ್ವಾ? ಇಲ್ಲಿ ನೋವಿದೆ. ಮೇಲಿನದಕ್ಕೆ ‘ಸುತ್ತು’ ಒಪ್ಪಿಗೆಯಾದರೆ ‘ಸುತ್ತು ಬಿಟ್ಟ’ ಎನ್ನಬಹುದು ಅನ್ನಿಸುತ್ತದೆ.

ಬಿಷಪ್ ಪದವನ್ನು ಮಾತ್ರ ಹಾಗೇ ಇಡುತ್ತೇನೆ. 1784ರ ಕ್ರಿಸ್‌ಮಸ್ ಹೊತ್ತಿಗೆ ಬಾಲ್ಟಿಮೋರ್‌ನಲ್ಲಿ ಬೋಧಕರೆಲ್ಲ ಸೇರಿದರು. ಅವರ ಒಪ್ಪಿಗೆ ಪಡೆದ ಮೇಲೆ ಆಸ್ಬರಿಯವರು ಸಾಲಾಗಿ ಮೂರು ದಿನಗಳಲ್ಲಿ ಸಭೆಯ ಮೂರು ಪದವಿಗಳನ್ನು ಪಡೆದು ಡೀಕನ್, ಎಲ್ಡರ್, ಸೂಪರಿಂಟೆಂಡೆಂಟ್ ಆದರು. ಆಮೇಲೆ ಅಮೆರಿಕದವರು ಸೂಪರಿಂಟೆಂಡೆಂಟ್ ಬಿಟ್ಟು ಬಿಷಪ್ ಅಂದರು. ಅದಕ್ಕೆ 1788ರಲ್ಲಿ ವೆಸ್ಲಿ ಕೆಂಡವಾಗಿ ಕಾಗದ ಬರೆದರು. ಕನ್ನಡ ಬೈಬಲ್ಲಿನ ‘ಸಭಾಧ್ಯಕ್ಷ’ ಸೂಪರಿಂಟೆಂಡೆಂಟ್, ಬಿಷಪ್ ಎರಡಕ್ಕೂ ಒಪ್ಪುತ್ತದೆ. ಆದರೆ ಎರಡೂ ಕಡೆ ಅದನ್ನೇ ಹಾಕಿದರೆ ಜಗಳ ಯಾಕಾಯಿತು ಎಂದೇ ತಿಳಿಯುವುದಿಲ್ಲ.

ಕೊನೆಯದಾಗಿ, ಬೀದರ್, ಕಲಬುರಗಿ, ರಾಯಚೂರು, ಕೋಲಾರದ ಕಡೆಯ ಮೆಥೋಡಿಸ್ಟ್ ಮನೆತನದವರು ಬಳಗದಲ್ಲಿದ್ದರೆ ದಯವಿಟ್ಟು ಬರೆಯಿರಿ. ನಿಮ್ಮದು ಅಮೆರಿಕದಿಂದ ಬಂದ ಕವಲು. ಮೈಸೂರು ಸೀಮೆಯ ವೆಸ್ಲಿಯನ್ ಮಿಷನ್ ಇಂಗ್ಲೆಂಡಿನದು, ಅಲ್ಲೂ ಸರ್ಕಿಟ್‌ಗಳಿದ್ದವು. ನಿಮ್ಮ ಅಜ್ಜ ಅಜ್ಜಿಯರು ಮನೆಮಾತಿನಲ್ಲಿ ಇವಕ್ಕೆ ಏನನ್ನುತ್ತಿದ್ದರು? ಸರ್ಕೀಟು ಎಂದೇ ಅನ್ನುತ್ತಿದ್ದರೆ ನನ್ನ ‘ಸುತ್ತು’ ಕೈಬಿಟ್ಟು ಅದನ್ನೇ ಬಳಸುತ್ತೇನೆ.