ಕಮಾನು ಮೊದಲೋ, ಫೀಸು ಮೊದಲೋ

ನಮ್ಮದು 2006ರ ಎಸ್ಸೆಸ್ಸೆಲ್ಸಿ ಬ್ಯಾಚು. ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲು, ಕನ್ನಡ ಮೀಡಿಯಂ. ಸಿಇಟಿ ಸೀಟು ಹಂಚಿಕೆ ನಡೆಯುತ್ತಿದ್ದಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಜಗಳ ಆಯಿತು: ಬ್ಯಾಚಿನ ಚಂದಾ ದುಡ್ಡು ಶಾಲೆಯ ಕಮಾನಿಗೋ, ಸೀಟು ಸಿಕ್ಕ ಮಕ್ಕಳ ಫೀಸಿಗೋ ಅಂತ. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು ಬೇಡ ಎಂದರು. ಹಾಗಾಗಿ ನನ್ನ ಫೋನಿನಲ್ಲಿ ಯಾರ ನಂಬರು ಹೇಗೆ ಸೇವ್ ಆಗಿದೆಯೋ ಹಾಗೆ. ನಡುವೆ ಬಂದ ಹುಟ್ಟುಹಬ್ಬದ ಶುಭಾಶಯ, ಕೈಮುಗಿಯುವ ಚಿತ್ರ ಎಲ್ಲ ತೆಗೆದಿದ್ದೇನೆ. 'ನಾನು' ಅಂದರೆ ಒಂದು ಡಿಗ್ರಿ ಕಾಲೇಜಿನ ಆಫೀಸಿನಲ್ಲಿ ಸ್ಕಾಲರ್‌ಶಿಪ್ ಟೇಬಲ್ ನೋಡಿಕೊಳ್ಳುವವಳು.

ಸೈಬರ್: (ಫಾರ್ವರ್ಡ್) ಮುಜಫ್ಫರ್‌ನಗರ ಜಿಲ್ಲೆಯ ದಲಿತ ಹುಡುಗ. ಅಪ್ಪ ದಿನಗೂಲಿ. 2024ರಲ್ಲಿ ಧನಬಾದ್ ಐಐಟಿಯಲ್ಲಿ ಎಲೆಕ್ಟ್ರಿಕಲ್ ಸೀಟು ಸಿಕ್ಕಿತು. ಜೂನ್ 24ರ ಸಂಜೆ 5 ಗಂಟೆಯೊಳಗೆ 17,500 ರೂಪಾಯಿ ಕಟ್ಟಬೇಕಿತ್ತು. ದುಡ್ಡು ಹೊಂದಿಸಿಕೊಂಡು ಬರುವಷ್ಟರಲ್ಲಿ ಪೋರ್ಟಲ್ ಮುಚ್ಚಿತು, ಸೀಟು ಹೋಯಿತು. ಎಸ್ಸಿ ಆಯೋಗ, ಹೈಕೋರ್ಟು ಎಲ್ಲ ಸುತ್ತಿ ಸುಪ್ರೀಂ ಕೋರ್ಟಿಗೆ ಹೋದ. ಸೆಪ್ಟೆಂಬರ್ 30ಕ್ಕೆ ಆದೇಶ ಆಯಿತು: ಬೇರೆ ಯಾರ ಸೀಟೂ ಕೀಳಬೇಡಿ, ಇವನಿಗೆ ಒಂದು ಹೆಚ್ಚುವರಿ ಸೀಟು ಮಾಡಿ ಸೇರಿಸಿಕೊಳ್ಳಿ.

ಸೈಬರ್: ಹಳೇ ಸುದ್ದಿ, ಗೊತ್ತು. ಆದರೆ ನಮ್ಮ ಅಂಗಡಿಯಲ್ಲಿ ಇದು ಪ್ರತಿ ವರ್ಷ ನಡೆಯುತ್ತೆ. ಸುಪ್ರೀಂ ಕೋರ್ಟಿಗೆ ಹೋಗುವವರು ಮಾತ್ರ ಯಾರೂ ಇಲ್ಲ.

ಕಂಟ್ರಾಕ್ಟರ್: ಪಾಪ. ಆದ್ರೆ ಕೊನೇ ದಿನದವರೆಗೆ ಯಾಕೆ ಕಾಯಬೇಕಿತ್ತು? ಟೈಮ್ ಸೆನ್ಸ್ ಬೇಕು.

ಸಿಸ್ಟರ್: ನಾಲ್ಕು ದಿನದಲ್ಲಿ 17,500 ಹುಟ್ಟಿಸಬೇಕು ಅಂದ್ರೆ ದಿನಗೂಲಿಯವರು ಕೊನೇ ಗಂಟೆಗೇ ಬರೋದು ಕಣೋ.

ಅಮೆರಿಕ: ಕೋರ್ಟು ಮಾಡಿದ್ದು ಸರಿ. ಆದರೆ ನನಗೆ ಒಂದು ಡೌಟು. ಎಸ್ಸಿ ಕೋಟಾ ಸೀಟು, ಸ್ಕಾಲರ್‌ಶಿಪ್ಪು, ಹಾಸ್ಟೆಲ್ಲು ಎಲ್ಲ ಇದೆ. ಇನ್ನೂ ಎಷ್ಟು ಕೊಡಬೇಕು? ನಮ್ಮ ತಾತ ಮೈಸೂರಿನಲ್ಲಿ ವಾರಾನ್ನ ಉಂಡು ಓದಿದ್ರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಯಾವ ಕೋಟಾನೂ ಇರಲಿಲ್ಲ.

ಕೆಇಬಿ: ನಿಮ್ಮ ತಾತನ ಕಷ್ಟ ದೊಡ್ಡದೇ, ಇಲ್ಲ ಅನ್ನಲ್ಲ. ಒಂದೇ ಪ್ರಶ್ನೆ. ಅದೇ ಕಾಲಕ್ಕೆ ನಮ್ಮ ತಾತ ಮೈಸೂರಿಗೆ ಓದಲು ಹೋಗಿದ್ದರೆ, ಸೋಮವಾರ ಯಾರ ಮನೆ ಜಗಲಿ ಹತ್ತುತ್ತಿದ್ದ?

ಇದಾದ ಮೇಲೆ ತುಂಬಾ ಹೊತ್ತು ಯಾರೂ ಏನೂ ಹಾಕಲಿಲ್ಲ. ಕೆಇಬಿ ಅಂದರೆ ಈಗ ವಿದ್ಯುತ್ ಕಂಪನಿಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್. ಕಂಪನಿಯ ಹೆಸರು ಎಷ್ಟು ಸಲ ಬದಲಾದರೂ ನಮ್ಮೂರಿಗೆ ಅದು ಕೆಇಬಿಯೇ. ಇವನು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ನಲ್ಲಿ ಇದ್ದು ಓದಿದವನು. ಗುಂಪಿನಲ್ಲಿ ಮಾತಾಡುವುದೇ ಅಪರೂಪ.

ವಕೀಲ: ಮೈಸೂರು ಅಂದಿದ್ದಕ್ಕೆ ಹೇಳ್ತೀನಿ. ಕೋಟಾ ಅನ್ನೋದು ಮೊನ್ನೆ ಮೊನ್ನೆ ಬಂದಿದ್ದಲ್ಲ. ನಾಲ್ವಡಿಯವರ ಕಾಲದಲ್ಲೇ, ಸರ್ಕಾರಿ ಕೆಲಸದಲ್ಲಿ ಹಿಂದುಳಿದವರಿಗೆ ಪಾಲು ಕೊಡೋ ಬಗ್ಗೆ 1918ರಲ್ಲಿ ಮಿಲ್ಲರ್ ಸಮಿತಿ ಕೂತಿತ್ತು. 50 ಪರ್ಸೆಂಟ್ ಮಿತಿ ಅಂತ ಎಲ್ಲರೂ ಮಾತಾಡ್ತಾರಲ್ಲ, ಅದರ ಮೂಲವೂ ನಮ್ಮ ರಾಜ್ಯದ ಕೇಸೇ. 1962ರಲ್ಲಿ ಮೈಸೂರು ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಸೀಟಲ್ಲಿ 68 ಪರ್ಸೆಂಟ್ ಮೀಸಲು ಅಂತ ಆದೇಶ ಮಾಡಿತ್ತು. ಮೀಸಲು ಸಾಮಾನ್ಯವಾಗಿ 50ರ ಒಳಗೇ ಇರಬೇಕು ಅಂತ ಬಾಲಾಜಿ ಕೇಸಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು.

ಕಂಟ್ರಾಕ್ಟರ್: ಇತಿಹಾಸ ಬಿಡು ವಕೀಲ. ಮೆರಿಟ್ ಅನ್ನೋದು ಬೇಡ್ವಾ? ಇದು ನನ್ನ ಪ್ರಶ್ನೆ.

ಸಿಸ್ಟರ್: ನಿನ್ನ ತಮ್ಮನ ಮ್ಯಾನೇಜ್‌ಮೆಂಟ್ ಸೀಟು ಯಾವ ಮೆರಿಟ್ಟೋ? 😄

ಕಂಟ್ರಾಕ್ಟರ್: ಅದು ನಮ್ಮ ಅಪ್ಪನ ದುಡ್ಡು ಕಣೇ. ಸರ್ಕಾರದ್ದಲ್ಲ.

ಕೆಇಬಿ: ಅಂದ್ರೆ ಅಪ್ಪನ ದುಡ್ಡಿಗೆ ಒಂದು ಕೋಟಾ ಇದೆ ಅಂತಾಯ್ತು.

ಸೈಬರ್: ಮೆರಿಟ್ ಬಗ್ಗೆ ನಾನೂ ಒಂದು ಹೇಳಲಾ? 2024ರ ಸಿಇಟಿಯಲ್ಲಿ ಸಿಲಬಸ್‌ನಲ್ಲಿ ಇಲ್ಲದ ಪ್ರಶ್ನೆ ಕೇಳಿ, ಆಮೇಲೆ 50 ಪ್ರಶ್ನೆ ಬಿಟ್ಟು ರ‍್ಯಾಂಕ್ ಕೊಟ್ಟರು. ಕೋಚಿಂಗ್‌ಗೆ ಹೋದವರು ಗೊತ್ತಿಲ್ಲದ ಪ್ರಶ್ನೆ ದಾಟಿಕೊಂಡು ಮುಂದೆ ಹೋಗಿರ್ತಾರೆ. ನಮ್ಮ ತಾಲ್ಲೂಕಿನ ಹುಡುಗರು ಅದರಲ್ಲೇ ಸಿಕ್ಕಿಹಾಕಿಕೊಂಡು ಅರ್ಧ ಪೇಪರ್ ಬಿಟ್ಟು ಬಂದರು. ಹೊರಗೆ ಅಳ್ತಾ ಇದ್ದರು.

ಅಮೆರಿಕ: ಕೋಟಾ ಬೇಡ ಅಂತ ನಾನು ಹೇಳಲೇ ಇಲ್ಲ. ನನ್ನ ಸೀಟೂ ಗ್ರಾಮೀಣ ಕೋಟಾದ್ದೇ. ಒಂದರಿಂದ ಹತ್ತರವರೆಗೆ ಹಳ್ಳೀಲಿ ಓದಿದವರಿಗೆ 15 ಪರ್ಸೆಂಟ್. ಕನ್ನಡ ಮೀಡಿಯಂಗೆ 5 ಬೇರೆ. ಕೊಟ್ಟಿದ್ದು ಸಾಕು, ಅದನ್ನ ಬಳಸಿಕೊಳ್ಳುವ ಛಲ ಬೇಕು ಅಂತ ಅಷ್ಟೇ.

ನಾನು: ನಿನಗೆ ಸೀಟು ಸಿಕ್ಕಾಗ ಮೊದಲ ಫೀಸ್ ಯಾರು ಕಟ್ಟಿದ್ದು?

ಅಮೆರಿಕ: ಮಾವ. ಯಾಕೆ?

ನಾನು: ಮಾವ ಇಲ್ಲದವರ ಬಗ್ಗೆ ಸೈಬರ್ ಹೇಳ್ತಿದ್ದಾನೆ.

ಇಲ್ಲಿ ಸೈಬರ್ ಒಂದು ಉದ್ದದ ಮೆಸೇಜು ಹಾಕಿದ. ಅವನ ಅಂಗಡಿ ತಾಲ್ಲೂಕು ಕಚೇರಿ ಎದುರಿಗೆ ಇದೆ. ಜೂನ್ ಬಂತೆಂದರೆ ಹೊರಗೆ ಬೆಂಚು ಹಾಕುತ್ತಾನೆ. ಅವನು ಬರೆದದ್ದನ್ನು ಕಾಗುಣಿತ ಮಾತ್ರ ತಿದ್ದಿ ಹಾಗೇ ಇಡುತ್ತೇನೆ.

ಸೈಬರ್: ನೋಡ್ರಪ್ಪ, ನಾನು ಬರೀ ಹತ್ತನೇ ಕ್ಲಾಸು, ನಿಮ್ಮಷ್ಟು ಓದಿಲ್ಲ. ಆದರೆ ಸೀಟು ಹೇಗೆ ಕೈತಪ್ಪುತ್ತೆ ಅನ್ನೋದು ನನಗೆ ನಿಮಗಿಂತ ಚೆನ್ನಾಗಿ ಗೊತ್ತು. ರ‍್ಯಾಂಕ್ ಬರುತ್ತೆ. ಯಾವ ಕಾಲೇಜು, ಯಾವ ಕೋರ್ಸು ಬೇಕು ಅಂತ ಆಪ್ಷನ್ ಎಂಟ್ರಿ ಮಾಡ್ತೀವಿ. ಮಾಕ್, ಅಂದ್ರೆ ಅಂದಾಜಿನ ಹಂಚಿಕೆ ಬರುತ್ತೆ, ಆಮೇಲೆ ನಿಜವಾದ ರೌಂಡು. ಸೀಟು ಬಂದರೆ ಸ್ಕ್ರೀನ್ ಮೇಲೆ ನಾಲ್ಕು ಚಾಯ್ಸ್. ಒಂದು ಒತ್ತಿದರೆ ಫೀಸ್ ಕಟ್ಟಿ ಕಾಲೇಜಿಗೆ ಹೋಗಿ ಸೇರಬೇಕು. ಮೂರು ಒತ್ತಿದರೆ ಈ ಸೀಟು ಬೇಡ, ಮುಂದಿನ ರೌಂಡ್ ನೋಡ್ತೀನಿ ಅಂತ. ಇದಕ್ಕೆಲ್ಲ ಎರಡು ಮೂರು ದಿನ ಟೈಮು. ಒಂದು ಹುಡುಗಿ ಬಂದಿದ್ದಳು. ಬೆಂಗಳೂರಿನ ಒಳ್ಳೇ ಕಾಲೇಜು, ಕಂಪ್ಯೂಟರ್ ಸೈನ್ಸು, ಸರ್ಕಾರಿ ಸೀಟೇ. ಖಾಸಗಿ ಕಾಲೇಜಾದ್ದರಿಂದ ಸರ್ಕಾರಿ ಸೀಟಿಗೂ ಫೀಸು ಲಕ್ಷದ ಆಸುಪಾಸು. ಅವರಪ್ಪ ಕೊಬ್ಬರಿ ಮಾರಿ ಬರ್ತೀನಿ ಅಂತ ತಿಪಟೂರಿಗೆ ಹೋಗಿದ್ದ, ರೇಟು ಬಿದ್ದಿತ್ತು. ಅವಳು ಚಾಯ್ಸ್ ಮೂರು ಒತ್ತಿ ಅಣ್ಣ ಅಂದಳು. ಇದಕ್ಕಿಂತ ಒಳ್ಳೇದು ಬೇಕಾ ಅಂತ ಕೇಳಿದೆ. ಇಲ್ಲ, ಮೂರಕ್ಕೆ ದುಡ್ಡು ಕಟ್ಟಂಗಿಲ್ಲ ಅಲ್ವಾ ಅದಕ್ಕೆ ಅಂದಳು. ಒತ್ತಿದವನು ನಾನೇ. ಮುಂದಿನ ರೌಂಡಲ್ಲಿ ಆ ಕಾಲೇಜು ಮತ್ತೆ ಬರಲಿಲ್ಲ. ಅವಳು ಹಣೆಗೆ ಬರೆದಿದ್ದು ಇಷ್ಟೇ ಅಂತ ಬಿಕಾಂ ಸೇರಿದಳು.

ಕಂಟ್ರಾಕ್ಟರ್: ಬ್ಯಾಂಕ್ ಲೋನ್ ಇತ್ತಲ್ಲ.

ಸೈಬರ್: ಲೋನಿಗೆ ಅಡ್ಮಿಷನ್ ಪತ್ರ ಕೇಳ್ತಾರೆ. ಅಡ್ಮಿಷನ್ ಆಗಬೇಕು ಅಂದ್ರೆ ಫೀಸ್ ಕಟ್ಟಿರಬೇಕು. ಮುಂದೆ ಹೇಳು.

ಕಂಟ್ರಾಕ್ಟರ್: ಸ್ಕಾಲರ್‌ಶಿಪ್ಪು?

ನಾನು: ಇದಕ್ಕೆ ನಾನೇ ಉತ್ತರ ಕೊಡ್ತೀನಿ, ದಿನಾ ನೋಡೋ ಕೆಲಸ. ಯೋಜನೆಗಳು ಇವೆ, ಚೆನ್ನಾಗಿಯೂ ಇವೆ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ, ಊಟ-ವಸತಿಗೆ ತಿಂಗಳಿಗೆ ಇಷ್ಟು ಅಂತ 10 ತಿಂಗಳು. ರೈತರ ಮಕ್ಕಳಿಗೆ 2021ರಿಂದ ರೈತ ವಿದ್ಯಾನಿಧಿ, ಎಂಜಿನಿಯರಿಂಗ್ ಓದುವ ಹುಡುಗಿಗೆ ವರ್ಷಕ್ಕೆ 11,000. ಆದರೆ ಇದೆಲ್ಲ ಬರೋದು ಕಾಲೇಜು ಸೇರಿದ ಮೇಲೆ. ಅರ್ಜಿ ಹಾಕಬೇಕು, ನಾವು ಆನ್‌ಲೈನಲ್ಲಿ ದಾಖಲೆ ದೃಢೀಕರಿಸಿ ಇ-ಅಟೆಸ್ಟೇಷನ್ ಮಾಡಬೇಕು, ಜಾತಿ-ಆದಾಯ ಪತ್ರದ ಆರ್‌ಡಿ ನಂಬರ್ ಹೊಂದಬೇಕು, ಆಧಾರ್ ಯಾವ ಖಾತೆಗೆ ಜೋಡಣೆ ಆಗಿದೆಯೋ ಆ ಖಾತೆಗೇ ದುಡ್ಡು ಬೀಳೋದು. ಎಷ್ಟೋ ಮಕ್ಕಳಿಗೆ ಅದು ಅಮ್ಮ ಯಾವುದೋ ಕಾಲಕ್ಕೆ ತೆಗೆಸಿದ್ದ ಹಳೇ ಖಾತೆ. ಪಾಸ್‌ಬುಕ್ಕೂ ಇರಲ್ಲ. ದುಡ್ಡು ಬಂದಿದೆ ಅಂತಲೂ ಗೊತ್ತಿರಲ್ಲ, ನಮ್ಮ ಟೇಬಲ್ ಮುಂದೆ ನಿಂತು ನನಗೆ ಬಂದಿಲ್ಲ ಮೇಡಂ ಅಂತಾರೆ.

ನಾನು: ಸರ್ಕಾರದ ದುಡ್ಡು ಬರೋದು ನವೆಂಬರ್, ಡಿಸೆಂಬರ್ ಅಥವಾ ಇನ್ನೂ ಆಚೆ. ಸೀಟು ಹೋಗೋದು ಮಳೆಗಾಲದಲ್ಲಿ.

ಕೆಇಬಿ: ತಮಿಳುನಾಡಲ್ಲೂ ಹೀಗೇ ಆಯ್ತು. 2020ರಲ್ಲಿ ಸರ್ಕಾರಿ ಶಾಲೆಯಲ್ಲಿ ಆರರಿಂದ ಹನ್ನೆರಡರವರೆಗೆ ಓದಿದವರಿಗೆ ಮೆಡಿಕಲ್‌ನಲ್ಲಿ 7.5 ಪರ್ಸೆಂಟ್ ಒಳಮೀಸಲು ತಂದರು. ನೀಟ್ ಬಂದ ಮೇಲೆ ಸರ್ಕಾರಿ ಶಾಲೆಯವರು ಬೆರಳೆಣಿಕೆಯಷ್ಟೇ ಒಳಗೆ ಹೋಗ್ತಿದ್ದರು, ಈ ಕಾಯ್ದೆಯಿಂದ ಮೊದಲ ವರ್ಷವೇ 300ಕ್ಕೂ ಹೆಚ್ಚು ಜನಕ್ಕೆ ಎಂಬಿಬಿಎಸ್ ಸೀಟು. ಆದರೆ ಕೌನ್ಸೆಲಿಂಗ್ ಶುರುವಾದಾಗ ಖಾಸಗಿ ಕಾಲೇಜಿನ ಸೀಟು ಬಂದ ಕೆಲವರು ಫೀಸ್ ಕಟ್ಟಕ್ಕಾಗದೆ ಬೇಡ ಅಂತ ಎದ್ದು ಬಂದರು. ಗಲಾಟೆ ಆದ ಮೇಲೆ ಸರ್ಕಾರ ಫೀಸ್ ನಾವೇ ಕಟ್ತೀವಿ ಅಂತು.

ವಕೀಲ: ಆ ಕಾಯ್ದೆಯನ್ನ 2022ರಲ್ಲಿ ಮದ್ರಾಸ್ ಹೈಕೋರ್ಟ್ ಎತ್ತಿಹಿಡಿಯಿತು.

ಕೆಇಬಿ: 2021-22ರ ಕೇಂದ್ರದ ಲೆಕ್ಕ ನೋಡಿ. 18ರಿಂದ 23 ವಯಸ್ಸಿನವರ ಸಂಖ್ಯೆಗೆ ಹೋಲಿಸಿದರೆ ಕಾಲೇಜಿನಲ್ಲಿ ಇರುವವರು ತಮಿಳುನಾಡಲ್ಲಿ 100ಕ್ಕೆ 47, ನಮ್ಮಲ್ಲಿ 36.2. ಪಕ್ಕದ ರಾಜ್ಯ.

ಅಮೆರಿಕ: ಸರಿ. ಹಾಗಾದರೆ ಏನ್ ಮಾಡೋಣ ಅಂತೀರಿ?

ಈ ಪ್ರಶ್ನೆಗೇ ಎಲ್ಲರೂ ಕಾಯುತ್ತಿದ್ದರು ಅನ್ನಿಸುತ್ತದೆ. ಯಾಕೆಂದರೆ ಗುಂಪಿನ ಹತ್ತಿರ ಆಗಲೇ ಒಂದಷ್ಟು ದುಡ್ಡು ಇತ್ತು. 2026ಕ್ಕೆ ನಮ್ಮ ಬ್ಯಾಚಿಗೆ 20 ವರ್ಷ. ಆ ನೆನಪಿಗೆ ಶಾಲೆಯ ಗೇಟಿಗೆ ಕಲ್ಲಿನ ಸ್ವಾಗತ ಕಮಾನು ಕಟ್ಟಿಸಬೇಕು, ಮೇಲೆ ಬ್ಯಾಚಿನ ಹೆಸರು ಕೆತ್ತಿಸಬೇಕು ಎಂದು ಕಂಟ್ರಾಕ್ಟರ್ ವರ್ಷದಿಂದ ಚಂದಾ ಎತ್ತುತ್ತಿದ್ದ. ಡ್ರಾಯಿಂಗೂ ಹಾಕಿಸಿದ್ದ. ಎರಡು ಕಡೆ ಆನೆ, ನಡುವೆ ಸರಸ್ವತಿ.

ಸೈಬರ್: ಕಮಾನಿನ ದುಡ್ಡು ಇದೆಯಲ್ಲ.

ಕಂಟ್ರಾಕ್ಟರ್: ಅಲ್ಲಿಗೇ ಬರ್ತೀಯ ಅಂತ ಗೊತ್ತಿತ್ತು. ಕಮಾನು ಅಂದ್ರೆ ನಿಮಗೆಲ್ಲ ತಮಾಷೆ. ಮೈನ್ ರೋಡಲ್ಲಿ ಬಸ್ಸಲ್ಲಿ ಹೋಗೋರಿಗೂ ಇಲ್ಲೊಂದು ಸರ್ಕಾರಿ ಹೈಸ್ಕೂಲಿದೆ ಅಂತ ಕಾಣಬೇಕು. ವರ್ಷ ವರ್ಷ ಮಕ್ಕಳು ಕಡಿಮೆ ಆಗ್ತಿದ್ದಾರೆ. ಶಾಲೆ ಉಳಿದರೆ ತಾನೇ ಸೀಟು, ಫೀಸು.

ಸಿಸ್ಟರ್: ಈ ಮಾತು ಸರಿ ಇದೆ. ನಾನು ನಗಲ್ಲ.

ಅಮೆರಿಕ: ನಾನು ಬೇರೆಯಾಗಿ ಒಂದು ಲಕ್ಷ ಕೊಡ್ತೀನಿ. ಆದರೆ ಪಿಯುಸಿಯಲ್ಲಿ 90 ಪರ್ಸೆಂಟ್ ಮೇಲೆ ತೆಗೆದವರಿಗೆ ಮಾತ್ರ. ಪ್ರತಿಭಾ ಪುರಸ್ಕಾರ ಅಂತ ಮಾಡಿ.

ನಾನು: ಪ್ರತಿಭಾ ಪುರಸ್ಕಾರ ಬೇಡ. ಅದು ಆಗಸ್ಟ್ 15ಕ್ಕೆ ಶಾಲು ಹೊದಿಸಿ, ಫಲಕ ಕೊಟ್ಟು, ಫೋಟೋ ತೆಗೆಸಿಕೊಳ್ಳೋದು. ಅಷ್ಟೊತ್ತಿಗೆ ಸೀಟು ಹೋಗಿರುತ್ತೆ. 90 ಅಂತ ಗೆರೆ ಯಾಕೆ? ಅರ್ಹತೆ ನೋಡೋ ಕೆಲಸ ಸಿಇಟಿ ಆಗಲೇ ಮಾಡಿ, ಸೀಟು ಹಂಚಿಕೆ ಪತ್ರ ಕೈಗೆ ಕೊಟ್ಟಿದೆ. ಮತ್ತೆ ನಾವು ಇನ್ನೊಂದು ಪರೀಕ್ಷೆ ಮಾಡೋದು ಬೇಡ. ಪತ್ರ ಇದೆಯಾ, ಫೀಸಿಗೆ ದುಡ್ಡು ಇಲ್ವಾ, ನಮ್ಮ ಶಾಲೆಯವರಾ. ಮೂರೇ ಪ್ರಶ್ನೆ. ಕಟ್ಟಬೇಕಾದ ದಿನವೇ ಕಟ್ಟಬೇಕು.

ಅಮೆರಿಕ: ಪರ್ಸೆಂಟ್ ಇಲ್ಲದೆ ನನ್ನ ಹೆಂಡತಿಯನ್ನ ಒಪ್ಪಿಸೋದು ಕಷ್ಟ 😅

ಕೆಇಬಿ: ನನಗೆ ಪಿಯುಸಿಯಲ್ಲಿ 68. ಮೊದಲ ವರ್ಷ ಇಂಗ್ಲಿಷಿನಲ್ಲಿ ಪಾಠ ಅರ್ಥವಾಗದೆ ಎರಡು ಸಬ್ಜೆಕ್ಟ್ ಹೋಗಿತ್ತು. ನಿನ್ನ ಗೆರೆ ಪ್ರಕಾರ ನಾನು ಬರ್ತಿರಲಿಲ್ಲ. ಇವತ್ತು ನಿಮ್ಮೂರಿಗೆ ಕರೆಂಟು ಕೊಡ್ತಿರೋನು ನಾನೇ.

ಕಂಟ್ರಾಕ್ಟರ್: ಕೊಡ್ತಿದ್ದೀಯಾ? ಬೆಳಿಗ್ಗೆಯಿಂದ ಇಲ್ಲ ಮಾರಾಯ!

ಕೆಇಬಿ: ಕೊಂಬೆ ಬಿದ್ದಿದೆ, ಹುಡುಗರನ್ನ ಕಳಿಸಿದ್ದೀನಿ.

ಇಷ್ಟರಲ್ಲಿ ಮೇಷ್ಟ್ರು ಒಂದು ವಾಯ್ಸ್ ಹಾಕಿದರು. ನಮಗೆ ಗಣಿತ ಕಲಿಸಿದವರು, ನಿವೃತ್ತರು. ಗುಂಪಿಗೆ ಅವರನ್ನು ಸೇರಿಸಿದ ಮೇಲೆ ಎಲ್ಲರ ಭಾಷೆ ಸುಧಾರಿಸಿದೆ. ಅವರು ಹೇಳಿದ್ದು, ಬರಹಕ್ಕೆ ಇಳಿಸಿದರೆ, ಹೀಗೆ:

ಮೇಷ್ಟ್ರು: ನೀವು ಮಾತಾಡ್ತಿರೋದು ಸೀಟು ಸಿಕ್ಕವರ ಬಗ್ಗೆ. ಅದು ಸರಿ, ಬೇಡ ಅನ್ನಲ್ಲ. ಆದರೆ ಸೀಟಿನ ಹತ್ತಿರಕ್ಕೇ ಬರದೇ ಇರೋರು ಎಷ್ಟು ಜನ ಲೆಕ್ಕ ಹಾಕಿದ್ದೀರಾ? ನಮ್ಮ ಹೋಬಳಿಯ ಪಿಯು ಕಾಲೇಜಿನಲ್ಲಿ ಸೈನ್ಸೇ ಇಲ್ಲ. ಸೈನ್ಸ್ ಬೇಕು ಅಂದರೆ ತಾಲ್ಲೂಕಿಗೆ ಹೋಗಬೇಕು. ಬೆಳಗಿನ ಬಸ್ಸು ತಪ್ಪಿದರೆ ಮೊದಲ ಎರಡು ಪೀರಿಯಡ್ ಹೋಯಿತು. ಹೆಣ್ಣುಮಕ್ಕಳನ್ನ ಸಂಜೆ ಬಸ್ಸಿಗೆ ಕಳಿಸಲ್ಲ ಅಂತ ಆರ್ಟ್ಸಿಗೆ ಹಾಕ್ತಾರೆ. ನನ್ನ ಹತ್ತಿರ ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆದ ಹುಡುಗಿಯರು ಹಾಗೆ ಹೋಗಿದ್ದಾರೆ. ಅವರಿಗೆ ನಿಮ್ಮ ಫಂಡಿನಿಂದ ಏನೂ ಆಗಲ್ಲ.

ಸಿಸ್ಟರ್: ಸರ್, ಅದರಲ್ಲಿ ನಾನೂ ಒಬ್ಬಳು. ನರ್ಸಿಂಗಿಗೆ ಆಮೇಲೆ ಬಂದೆ, ಸುತ್ತಿ ಬಳಸಿ.

ಮೇಷ್ಟ್ರಿಗೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಬಸ್ಸಿಗೆ ಅರ್ಜಿ ಕೊಡೋಣ ಎಂದು ವಕೀಲ ಹೇಳಿದ, ಅದು ಅಲ್ಲಿಗೇ ನಿಂತಿದೆ. ನನ್ನ ಅಭಿಪ್ರಾಯ ಕೇಳಿದರೆ, ಮೇಷ್ಟ್ರು ಹೇಳಿದ್ದು ದೊಡ್ಡ ಕೆಲಸ, ಸರ್ಕಾರವೇ ಮಾಡಬೇಕಾದ ಕೆಲಸ. ಸೈಬರ್ ಹೇಳಿದ್ದು ನಮ್ಮಂಥ ನಾಲ್ಕು ಜನ ಒಂದು ಮಧ್ಯಾಹ್ನದಲ್ಲಿ ಮಾಡಿಬಿಡಬಹುದಾದ ಕೆಲಸ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಕೂತರೆ ಎರಡೂ ಆಗುವುದಿಲ್ಲ.

ಕಂಟ್ರಾಕ್ಟರ್: ಸರಿ ಕಣ್ರಪ್ಪ. ಆನೆ ಬಿಡ್ತೀನಿ. ಸರಸ್ವತಿನೂ ಬಿಡ್ತೀನಿ. ಕಬ್ಬಿಣದ ಬೋರ್ಡು ಹಾಕೋಣ, ರೋಡಿಗೆ ಕಾಣೋ ಹಾಗೆ. ಉಳಿದಿದ್ದು ಫೀಸಿಗೆ.

ವಕೀಲ: ಕೊಡೋದು ಸಾಲವೋ ದಾನವೋ? ಮೊದಲೇ ತೀರ್ಮಾನ ಆಗಲಿ.

ಕೆಇಬಿ: ಬಡ್ಡಿ ಇಲ್ಲದ ಕೈಗಡ. ಸ್ಕಾಲರ್‌ಶಿಪ್ ಬಂದ ಮೇಲೆ ಆದಷ್ಟು ವಾಪಸ್ ಹಾಕಲಿ, ಮುಂದಿನ ವರ್ಷದವರಿಗೆ ಆಗುತ್ತೆ.

ಸಿಸ್ಟರ್: ವಾಪಸ್ ಕೇಳಿದರೆ ಬರೋರೂ ಬರಲ್ಲ. ಬಡವರಿಗೆ ಸಾಲ ಅಂದ್ರೆ ಭಯ.

ಕೆಇಬಿ: ದಾನ ಅಂದ್ರೆ ಅವಮಾನ. ನನಗೆ ಗೊತ್ತು.

ಈ ವಿಷಯ ಇನ್ನೂ ಬಗೆಹರಿದಿಲ್ಲ. ನಾನು ಕೆಇಬಿ ಕಡೆ.

ಅಮೆರಿಕ: ನನ್ನ ಒಂದು ಲಕ್ಷ ಕಳಿಸ್ತೀನಿ. 90 ಬೇಡ. ಅಕೌಂಟ್ ನಂಬರ್ ಹಾಕಿ.

ವಕೀಲ: ತಡಿ. ನೀನು ಇನ್ನೂ ಇಂಡಿಯನ್ ಪಾಸ್‌ಪೋರ್ಟೇ ತಾನೇ? ಅಲ್ಲಿನ ಸಿಟಿಜನ್ ಆಗಿದ್ದರೆ ವಿದೇಶಿ ದೇಣಿಗೆಯ ಎಫ್‌ಸಿಆರ್‌ಎ ಕಾಯ್ದೆ ಬರುತ್ತೆ, ಸಂಘದ ಖಾತೆಗೆ ಸುಮ್ನೆ ಹಾಕೋ ಹಾಗಿಲ್ಲ.

ಅಮೆರಿಕ: ಇನ್ನೂ ಗ್ರೀನ್ ಕಾರ್ಡ್ ಕ್ಯೂನಲ್ಲೇ ಇದ್ದೀನಿ ಮಾರಾಯ. ಒಂದೊಂದು ದೇಶಕ್ಕೆ 7 ಪರ್ಸೆಂಟ್ ಮಿತಿ.

ಕೆಇಬಿ: ಓಹೋ, ಅಲ್ಲೂ ಪರ್ಸೆಂಟಾ? 😀

ಸೈಬರ್: ನಗು ಆಮೇಲೆ. ಖಾತೆ ಇಬ್ಬರ ಹೆಸರಲ್ಲಿ ಇರಲಿ, ಒಬ್ಬರು ಊರಲ್ಲೇ ಇರೋರು. ರಿಸಲ್ಟ್ ರಾತ್ರಿ ಬಂದರೂ ಬರಬಹುದು. ಮುಂದಿನ ರೌಂಡಿಗೆ ಯಾರ ಫೋನಿಗೆ ಮಾಡಲಿ, ಹೆಸರು ಹಾಕಿ.

ಕಂಟ್ರಾಕ್ಟರ್: ನಂದು ಹಾಕ್ಕೋ. ಕಲ್ಲಿನವನಿಗೆ ಅಡ್ವಾನ್ಸ್ ಕೊಟ್ಟಿದ್ದೀನಲ್ಲ, ಅದು ವಾಪಸ್ ಬರಲ್ಲ, ಅದರ ಲೆಕ್ಕ ನಾಳೆ ಹಾಕ್ತೀನಿ. ಯಾರೂ ಬೈಬಾರದು.