ಶಾಲೆ ಬಿಟ್ಟ ಮೇಲಿನ ಕಲಿಕೆಗೆ ಮೊಬೈಲನ್ನು ಹೇಗೆ ಬಳಸುತ್ತಿದ್ದೀರಿ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಬಾಗೇಪಲ್ಲಿ ತಾಲ್ಲೂಕು

ಶಿಕ್ಷಕ ಮಿತ್ರರಿಗೆ ನಮಸ್ಕಾರ. ನಾನು ಬಾಗೇಪಲ್ಲಿ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತೇನೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬರುತ್ತಿದ್ದವು. ‘ವಿದ್ಯಾಗಮ’ದಡಿ ನಾವೇ ಅರಳಿಕಟ್ಟೆಗೂ ದೇವಸ್ಥಾನದ ಜಗಲಿಗೂ ಹೋಗಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದ್ದೆವು. ಆಗ ಪೋಷಕರಿಗಾಗಿ ಒಂದು ವಾಟ್ಸ್‌ಆ್ಯಪ್ ಗುಂಪನ್ನು ಮಾಡಿಕೊಂಡೆವು. ಶಾಲೆ ತೆರೆದ ಮೇಲೂ ಅದನ್ನು ಬಿಡಲು ಮನಸ್ಸಾಗಲಿಲ್ಲ. ಅಂದಿನ ಪಾಠಕ್ಕೆ ಹೊಂದುವ ವಿಡಿಯೋದ ಕೊಂಡಿಯನ್ನು ಪ್ರತಿದಿನ ಸಂಜೆ ಅದರಲ್ಲಿ ಹಾಕುತ್ತ ಬಂದಿದ್ದೇನೆ.

ಕಳೆದ ತಿಂಗಳು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ವಿಚಾರಿಸಿದಾಗ, ಆ ವಿಡಿಯೋಗಳನ್ನು ನೋಡುವವರು ತರಗತಿಗೆ ನಾಲ್ಕೈದು ಮಂದಿ ಮಾತ್ರ ಎಂದು ತಿಳಿಯಿತು. ಕಾರಣಗಳು ಹೊಸವೇನಲ್ಲ. ಮನೆಗೆ ಒಂದೇ ಫೋನು, ಅದು ಅಪ್ಪನ ಜೇಬಿನಲ್ಲಿ. ಟೊಮೆಟೊ ಲೋಡು ಕಳುಹಿಸಿ ಅವರು ಮನೆಗೆ ಬರುವ ಹೊತ್ತಿಗೆ ಎಂಟು ಗಂಟೆಯಾಗಿರುತ್ತದೆ, ಅಂದಿನ ಡೇಟಾ ಮುಗಿದಿರುತ್ತದೆ. ಇದಕ್ಕಿಂತ ಹೆಚ್ಚು ನನ್ನನ್ನು ಕಾಡುತ್ತಿರುವುದು ನೋಡಿದವರ ಸ್ಥಿತಿ. ವಿದ್ಯುಚ್ಛಕ್ತಿಯ ವಿಡಿಯೋವನ್ನು ಎರಡು ಸಲ ನೋಡಿದ್ದ ಹತ್ತನೆಯ ತರಗತಿಯ ಹುಡುಗನೊಬ್ಬ ಓಮ್‌ನ ನಿಯಮವನ್ನು ಎಲ್ಲಿಯೂ ತಡವರಿಸದೆ ಹೇಳಿದ. ಒಂದು ಶುಷ್ಕಕೋಶ, ಒಂದು ಪುಟ್ಟ ಬಲ್ಬು, ಒಂದು ತುಂಡು ತಂತಿ ಕೈಗೆ ಕೊಟ್ಟು ಬೆಳಗಿಸು ಎಂದರೆ ಸುಮ್ಮನೆ ನಿಂತ. ನಮ್ಮ ಮಕ್ಕಳಲ್ಲಿ ಬಹುಪಾಲು ಮನೆಯಲ್ಲಿ ತೆಲುಗು ಆಡುವವರು, ಓದುವುದು ಕನ್ನಡದಲ್ಲಿ. ನನಗೆ ಸಿಗುವ ಒಳ್ಳೆಯ ವಿಡಿಯೋಗಳು ಹೆಚ್ಚಾಗಿ ಇಂಗ್ಲಿಷಿನವು ಎಂಬುದು ಇನ್ನೊಂದು ತೊಡಕು.

ಗುಂಪಿನಲ್ಲಿ ಏನನ್ನು ಕಳುಹಿಸಬೇಕು, ವಾರಕ್ಕೆ ಎಷ್ಟು ಸಲ ಕಳುಹಿಸಬೇಕು, ಫೋನೇ ಇಲ್ಲದ ಮನೆಯ ಮಕ್ಕಳನ್ನು ಹೇಗೆ ಒಳಗೊಳ್ಳಬೇಕು ಎಂಬ ಬಗ್ಗೆ ನೀವು ಮಾಡಿ ನೋಡಿದ್ದನ್ನು ದಯವಿಟ್ಟು ತಿಳಿಸಿ.

ಉತ್ತರ: ಸಮಾಜ ವಿಜ್ಞಾನ ಶಿಕ್ಷಕ, ಕೋಲಾರ ತಾಲ್ಲೂಕು

ಮೇಡಂ, ವಿಡಿಯೋ ಕಳುಹಿಸುವುದನ್ನು ನಾನು ಪೂರ್ತಿ ನಿಲ್ಲಿಸಿದ್ದೇನೆ. ತರಗತಿಯಲ್ಲಿ ನಾನು ಹೇಳಿದ್ದನ್ನೇ ಇನ್ನೊಬ್ಬರು ಪರದೆಯ ಮೇಲೆ ಮತ್ತೊಮ್ಮೆ ಹೇಳಿದರೆ ಅದು ಪಾಠದ ಪುನರಾವರ್ತನೆಯೇ ಹೊರತು ಕಲಿಕೆಯ ವಿಸ್ತರಣೆಯಲ್ಲ. ಫೋನಿನಲ್ಲಿ ಬಂದದ್ದು ಮಗುವನ್ನು ಫೋನಿನಿಂದ ಎಬ್ಬಿಸಿ ಊರೊಳಕ್ಕೆ ಕಳುಹಿಸಬೇಕು, ಅಲ್ಲಿಂದ ಅದು ತಂದದ್ದಿಲ್ಲದೆ ಮರುದಿನದ ಪಾಠ ಮುಂದೆ ಸಾಗಬಾರದು ಎಂಬುದು ನಾನು ಈಗ ಇಟ್ಟುಕೊಂಡಿರುವ ಅಳತೆ. ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೊಳವೆ ಮಾರ್ಗದಲ್ಲಿ ಕೋಲಾರದ ಕೆರೆಗಳಿಗೆ ಬರತೊಡಗಿದ್ದು 2018ರಲ್ಲಿ; ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಒಂಬತ್ತನೆಯ ತರಗತಿಯವರಿಗೆ ಜಲಸಂಪನ್ಮೂಲದ ಬಗ್ಗೆ ಹೇಳುವಾಗ, ಶಾಲೆಯ ಕಂಪ್ಯೂಟರಿನಲ್ಲಿ ಗೂಗಲ್ ಅರ್ತ್ ತೆರೆದು ನಮ್ಮ ಸುತ್ತಲಿನ ಕೆರೆಗಳ ಹಳೆಯ ಉಪಗ್ರಹ ಚಿತ್ರಗಳನ್ನು ವರ್ಷಕ್ಕೊಂದರಂತೆ ತೋರಿಸಿದೆ. ಜಾಲಿ ಬೆಳೆದು ಹಸಿರುಗಟ್ಟಿದ ಅಂಗಳ ಕೆಲವು ವರ್ಷಗಳ ಅಂತರದಲ್ಲಿ ನೀರಾಗಿ ನಿಂತದ್ದನ್ನು ಕಂಡು ಮಕ್ಕಳು ಹೋ ಎಂದು ಕೂಗಿದರು. ಆ ಸಂಜೆ ಗುಂಪಿನಲ್ಲಿ ನಾನು ಹಾಕಿದ್ದು ಎರಡು ಚಿತ್ರ ಮತ್ತು ಒಂದು ಪ್ರಶ್ನೆ: ‘ನಿಮ್ಮೂರ ಕೆರೆ ಕೋಡಿ ಹರಿದದ್ದು ಕೊನೆಯ ಬಾರಿಗೆ ಯಾವಾಗ? ಅಜ್ಜ ಅಜ್ಜಿಯನ್ನು ಕೇಳಿ ಬನ್ನಿ.’

ಮರುದಿನ ಬಂದ ಉತ್ತರಗಳಿಂದ ಕಪ್ಪುಹಲಗೆ ತುಂಬಿತು. ನೀರಗಂಟಿಯ ಮೊಮ್ಮಗನೊಬ್ಬ ತೂಬನ್ನು ಯಾವ ಕ್ರಮದಲ್ಲಿ ಎತ್ತುತ್ತಿದ್ದರು, ಕೊನೆಯ ಗದ್ದೆಗೆ ನೀರು ತಲುಪಲು ಎಷ್ಟು ಹೊತ್ತು ಬೇಕಾಗುತ್ತಿತ್ತು ಎಂಬುದನ್ನೆಲ್ಲ ಬರೆದುಕೊಂಡು ಬಂದಿದ್ದ. ಕೊಳವೆ ಮಾರ್ಗದ ನೀರಿನಿಂದಲೇ ಕೆರೆಗಳು ತುಂಬಿದವು ಎಂದು ತರಗತಿ ತೀರ್ಮಾನಿಸುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತು, ತನ್ನ ತಾಯಿಯ ತವರೂರಿನ ಕೆರೆಗೆ ಆ ನೀರು ಬರುವುದೇ ಇಲ್ಲ, ಆದರೂ 2021ರಲ್ಲಿ ಅದು ಕೋಡಿ ಬಿದ್ದಿತಲ್ಲ ಎಂದು ಕೇಳಿದಳು. ಆ ವರ್ಷದ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಗಳಲ್ಲಿ ಬೆಳೆ ಕೊಚ್ಚಿಹೋಗುವಷ್ಟು ಮಳೆಯಾದದ್ದು ನಮ್ಮೆಲ್ಲರಿಗೂ ನೆನಪಿದೆ. ಹಾಗಾದರೆ ಒಂದು ಕೆರೆ ತುಂಬಿದ್ದಕ್ಕೆ ಕಾರಣ ಯಾವುದೆಂದು ಹೇಳಲು ಇನ್ನೇನು ತಿಳಿಯಬೇಕು? ಕೊಳವೆ ಮಾರ್ಗದಲ್ಲಿರುವ ಮತ್ತು ಇಲ್ಲದ ಕೆರೆಗಳನ್ನು ಬೇರೆ ಬೇರೆ ಇಟ್ಟುಕೊಂಡು, 2021ಕ್ಕೆ ಮೊದಲಿನ ಚಿತ್ರಗಳನ್ನೂ ನಂತರದವನ್ನೂ ಹೋಲಿಸಬೇಕು ಎಂಬ ಉಪಾಯವನ್ನು ಮಕ್ಕಳೇ ಕಂಡುಕೊಂಡರು. ಎರಡು ಹಂತದ ಸಂಸ್ಕರಣೆ ಸಾಕೇ, ಮೂರನೆಯದೂ ಬೇಕೇ ಎಂದು ಜಿಲ್ಲೆಯಲ್ಲಿ ನಡೆದಿರುವ ಚರ್ಚೆಯನ್ನು ಅವರು ತಾವಾಗಿಯೇ ಎತ್ತಿದರು. ಅದನ್ನು ನಮ್ಮ ವಿಜ್ಞಾನ ಶಿಕ್ಷಕರು ಮುಂದುವರಿಸಿದರು. ಈ ಇಡೀ ಕೆಲಸಕ್ಕೆ ಮಕ್ಕಳ ಮನೆಯಲ್ಲಿ ಖರ್ಚಾದ ಡೇಟಾ ಎರಡು ಚಿತ್ರಗಳಷ್ಟು. ಫೋನಿಲ್ಲದ ಮಕ್ಕಳು ಪ್ರಶ್ನೆಯನ್ನು ಶಾಲೆಯಲ್ಲಿಯೇ ಪುಸ್ತಕಕ್ಕೆ ಬರೆದುಕೊಂಡಿದ್ದರಿಂದ ಅವರಿಗೆ ಕೊರತೆಯೇನೂ ಆಗಲಿಲ್ಲ.

ವಿಜ್ಞಾನಕ್ಕೆ ಹೊಂದುವುದನ್ನು ಕೇಳಿದ್ದೀರಿ. ಮಳೆ ಅಳೆಯುವುದರಿಂದ ಆರಂಭಿಸಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಮಕ್ಕಳು ಬಾಟಲಿಯಲ್ಲಿ ಅಳೆದದ್ದನ್ನು ನೀವು ಆ ಅಂಕಿಯೊಡನೆ ಹೋಲಿಸಿ ತೋರಿಸಬಹುದು. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. 50 ಚದರ ಮೀಟರಿನ ಮನೆಯ ಮೇಲೆ 30 ಮಿ.ಮೀ. ಮಳೆ ಬಿದ್ದರೆ 1,500 ಲೀಟರ್. ಸಾವಿರ ಅಡಿ ಕೊರೆದರೂ ನೀರು ಸಿಗದ ಊರುಗಳ ಮಕ್ಕಳಿಗೆ ಈ ಲೆಕ್ಕ ತಟ್ಟನೆ ನಾಟುತ್ತದೆ.

ಉತ್ತರ: ಗ್ರಂಥಾಲಯ ಮೇಲ್ವಿಚಾರಕಿ, ಮಧುಗಿರಿ ತಾಲ್ಲೂಕು

ನಾನು ಶಿಕ್ಷಕಿಯಲ್ಲ; ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ, ಅಂದರೆ ಹಳ್ಳಿಯ ಗ್ರಂಥಾಲಯದ, ಮೇಲ್ವಿಚಾರಕಿ. ಫೋನಿಲ್ಲದ ಮಕ್ಕಳ ಪ್ರಶ್ನೆಗೆ ನಿಮ್ಮ ಪಂಚಾಯಿತಿಯಲ್ಲಿಯೇ ಉತ್ತರವಿರಬಹುದು ಎಂದು ತಿಳಿಸಲು ಬರೆಯುತ್ತಿದ್ದೇನೆ. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಅನೇಕ ಕೇಂದ್ರಗಳಲ್ಲಿ ಈಗ ಕಂಪ್ಯೂಟರ್, ಟಿ.ವಿ., ಇಂಟರ್‌ನೆಟ್ ಇವೆ. ಆದರೆ ಶಾಲೆಯಲ್ಲಿ ಯಾವ ಪಾಠ ನಡೆಯುತ್ತಿದೆ ಎಂದು ನಮಗೆ ಯಾರೂ ಹೇಳುವುದಿಲ್ಲ, ನಮ್ಮಲ್ಲಿ ಏನಿದೆ ಎಂದು ಶಾಲೆಯವರೂ ಕೇಳುವುದಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ, ಏಕೆಂದರೆ ಎರಡೂ ಕಟ್ಟಡಗಳ ನಡುವೆ ನಡೆದು ಹೋಗುವಷ್ಟೇ ದೂರ.

ನಮ್ಮೂರ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು ಕಳೆದ ವರ್ಷ ತಾವಾಗಿಯೇ ಬಂದು ಫೆಟ್ ಎಂಬ ತಾಣದಿಂದ ಕೆಲವು ಪ್ರಯೋಗ ಮಾದರಿಗಳನ್ನು ನಮ್ಮ ಕಂಪ್ಯೂಟರಿಗೆ ಇಳಿಸಿಕೊಟ್ಟರು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು 2002ರಲ್ಲಿ ಆರಂಭಿಸಿದ ಯೋಜನೆಯಂತೆ ಅದು. ಹಲವು ಮಾದರಿಗಳು ಕನ್ನಡದಲ್ಲಿಯೂ ಇವೆ, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ. ವಿದ್ಯುತ್ ಮಂಡಲವನ್ನು ಕಟ್ಟುವ ಮಾದರಿಯಲ್ಲಿ ಕೋಶ, ಬಲ್ಬು, ತಂತಿಗಳನ್ನು ಎಳೆದು ಜೋಡಿಸಬೇಕು. ತಪ್ಪಾಗಿ ಜೋಡಿಸಿದರೆ ಬೆಂಕಿ ಹೊತ್ತಿದಂತೆ ತೋರಿಸುತ್ತದೆ. ಮಕ್ಕಳು ಒಂದು ಕಂಪ್ಯೂಟರಿಗೆ ಮೂವರಂತೆ ಕುಳಿತು ವಾದ ಮಾಡುತ್ತ ಜೋಡಿಸುತ್ತಾರೆ. ಮೇಷ್ಟ್ರು ಒಂದು ನಿಯಮ ಮಾಡಿದ್ದಾರೆ: ಪರದೆಯಲ್ಲಿ ಬೆಳಗಿಸಿದ ಬಲ್ಬನ್ನು ಮರುದಿನ ಶಾಲೆಯಲ್ಲಿ ನಿಜವಾದ ಕೋಶಕ್ಕೆ ಜೋಡಿಸಿ ತೋರಿಸಬೇಕು. ನಿಮ್ಮ ಆ ಹುಡುಗನಿಗೆ ಇದು ನೆರವಾಗಬಹುದು.

ಪಠ್ಯಪುಸ್ತಕದ ಕ್ಯೂಆರ್ ಸಂಕೇತದಿಂದ ತೆರೆಯುವ, ಸರ್ಕಾರದ ಕಲಿಕಾ ತಾಣ ‘ದೀಕ್ಷಾ’ದ ಪಾಠಗಳನ್ನೂ ಮೊದಲೇ ಇಳಿಸಿಟ್ಟುಕೊಂಡು ಆಮೇಲೆ ನೆಟ್ ಇಲ್ಲದೆ ನೋಡಬಹುದು. ಸಂಜೆ ಕೇಂದ್ರ ತೆರೆದಿರುವ ಹೊತ್ತನ್ನು ನಿಮ್ಮೂರ ಮೇಲ್ವಿಚಾರಕರ ಬಳಿ ಒಮ್ಮೆ ವಿಚಾರಿಸಿ, ಆ ವಾರದ ಪಾಠದ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಉಳಿದದ್ದನ್ನು ಹೊಂದಿಸಿಕೊಳ್ಳಲು ನಾವು ಸಿದ್ಧರಿದ್ದೇವೆ.

ಉತ್ತರ: ಪೋಷಕಿ, ಶಿರಾ

ನನ್ನ ಇಬ್ಬರು ಹೆಣ್ಣುಮಕ್ಕಳು ಎಂಟನೆಯ ಮತ್ತು ಹತ್ತನೆಯ ತರಗತಿಯಲ್ಲಿದ್ದಾರೆ. ಶಿಕ್ಷಕರ ಕಾಳಜಿಗೆ ನಾನು ಋಣಿ, ಆದರೂ ತಾಯಿಯಾಗಿ ಎರಡು ಮಾತು ಹೇಳಬೇಕು. ನಮ್ಮ ಮಕ್ಕಳ ತರಗತಿಯ ಗುಂಪಿನಲ್ಲಿ ಮನೆಪಾಠದ ಫೋಟೋ, ಹಾಡು, ಮಾತು ಎಲ್ಲವನ್ನೂ ಹಾಕಿಸುತ್ತಿದ್ದರು. ಗುಂಪಿನಲ್ಲಿರುವ ಪ್ರತಿಯೊಬ್ಬರಿಗೂ ನನ್ನ ನಂಬರು, ಮಗಳ ಮುಖ, ಅವಳ ಧ್ವನಿ ಸಿಗುತ್ತದೆ ಎಂಬುದನ್ನು ಯಾರೂ ಯೋಚಿಸಿರಲಿಲ್ಲ. ಅಪರಿಚಿತ ನಂಬರಿನಿಂದ ರಾತ್ರಿ ಕರೆ ಬಂದ ಮೇಲೆ ಅವರಪ್ಪ ಹುಡುಗಿಯರಿಗೆ ಫೋನ್ ಕೊಡುವುದನ್ನೇ ನಿಲ್ಲಿಸಿದರು; ಕಲಿಕೆ ಹಿಂದೆ ಬಿದ್ದದ್ದು ಮಾತ್ರ ಹುಡುಗಿಯರದು. ಗುಂಪಿಗೆ ನಿರ್ವಾಹಕರಷ್ಟೇ ಬರೆಯುವಂತೆ ಹೊಂದಿಸಿ, ಮಕ್ಕಳ ಉತ್ತರವನ್ನು ಶಿಕ್ಷಕಿಯೊಬ್ಬರಿಗೇ ಪ್ರತ್ಯೇಕವಾಗಿ ಕಳುಹಿಸುವ ವ್ಯವಸ್ಥೆ ಮಾಡಿದರೆ ಬಹಳ ಮನೆಗಳ ಭಯ ಕಡಿಮೆಯಾಗುತ್ತದೆ. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಹೊಸ ಆ್ಯಪ್‌ನಲ್ಲಿ ಮಗುವಿನ ಹೆಸರು ನೋಂದಾಯಿಸುವ ಮುನ್ನ ದಯವಿಟ್ಟು ನಮ್ಮನ್ನು ಒಂದು ಮಾತು ಕೇಳಿ.

ಎರಡನೆಯದು, ಪ್ರತಿದಿನ ಬೇಡ. ವಾರಕ್ಕೆ ಎರಡು ಸಲ ಬಂದರೆ ನಾನೇ ಕೆಲಸ ಬಿಟ್ಟು ಮಕ್ಕಳ ಜೊತೆ ಕೂರುತ್ತೇನೆ. ದಿನಾ ಬಂದರೆ ಅದು ಶುಭೋದಯದ ಚಿತ್ರಗಳ ಸಾಲಿಗೆ ಸೇರಿಬಿಡುತ್ತದೆ.

ಉತ್ತರ: ನಿವೃತ್ತ ಶಿಕ್ಷಕ, ಬಂಗಾರಪೇಟೆ ತಾಲ್ಲೂಕು

ಮನೆಮಾತಿನ ವಿಚಾರಕ್ಕೆ ಒಂದು ಸಲಹೆ. ವಿಡಿಯೋದ ಬದಲು ಧ್ವನಿ ಸಂದೇಶ ಕಳುಹಿಸಿ. ನಿಮ್ಮದೇ ಧ್ವನಿ, ಎರಡು ನಿಮಿಷ ಮೀರದಿರಲಿ. ಡೇಟಾ ಲೆಕ್ಕಕ್ಕೇ ಬರುವುದಿಲ್ಲ, ಅಡುಗೆ ಮಾಡುತ್ತಲೇ ತಾಯಿಯೂ ಕೇಳಿಸಿಕೊಳ್ಳುತ್ತಾಳೆ. ಪಾರಿಭಾಷಿಕ ಪದವನ್ನು ಕನ್ನಡದಲ್ಲಿ ಹೇಳಿ, ಅದರ ವಿವರಣೆಯನ್ನು ತೆಲುಗಿನಲ್ಲಿ ಕೊಡಿ. ಮಗು ತೆಲುಗಿನಲ್ಲಿ ಉತ್ತರಿಸಿದರೂ ಒಪ್ಪಿಕೊಂಡು, ಶಾಲೆಯಲ್ಲಿ ಅದನ್ನೇ ಕನ್ನಡದಲ್ಲಿ ಬರೆಸಿ. ನಮ್ಮ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ಯವರು, ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಪರವಾನಗಿ ಸಿಗತೊಡಗಿದ 2006ಕ್ಕೂ ಮೊದಲೇ, ಕೇಬಲ್ ತಂತಿಯಲ್ಲಿ ಊರಿನ ಮನೆಗಳಿಗೆ ಊರಿನವರದೇ ಧ್ವನಿಯನ್ನು ತಲುಪಿಸಿದ್ದರು. ಪರಿಚಿತ ಧ್ವನಿಗೆ ಜನ ಎಷ್ಟು ಕಿವಿಗೊಡುತ್ತಾರೆ ಎಂಬುದನ್ನು ನಾನು ಅಲ್ಲಿಯೇ ಕಂಡದ್ದು.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಗುಂಪಿನಲ್ಲಿ ಈಗ ನಾನೊಬ್ಬಳೇ ಬರೆಯುತ್ತೇನೆ, ಅದೂ ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಕನ್ನಡ–ತೆಲುಗು ಬೆರೆತ ಮೊದಲ ಧ್ವನಿ ಸಂದೇಶಕ್ಕೆ ಹನ್ನೊಂದು ಮಕ್ಕಳು ಉತ್ತರಿಸಿದರು. ಅವರಲ್ಲಿ ಇಬ್ಬರು ತರಗತಿಯಲ್ಲಿ ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ. ಒಂದು ಉತ್ತರದ ಹಿನ್ನೆಲೆಯಲ್ಲಿ ತಾಯಿಯೊಬ್ಬರು ಪಿಸುಮಾತಿನಲ್ಲಿ ಹೇಳಿಕೊಡುತ್ತಿದ್ದುದು ಕೇಳಿಸಿತು, ಅದನ್ನು ಎರಡೆರಡು ಸಲ ಕೇಳಿದೆ. ಅರಿವು ಕೇಂದ್ರದ ಮೇಲ್ವಿಚಾರಕರನ್ನು ಭೇಟಿಯಾದೆ. ಅಲ್ಲಿನ ಒಂದು ಕಂಪ್ಯೂಟರ್ ಕೆಟ್ಟಿದೆ, ಇನ್ನೊಂದಕ್ಕೆ ವಿದ್ಯುತ್ ಮಂಡಲದ ಮಾದರಿಯನ್ನು ಇಳಿಸಿದ್ದೇವೆ. ಆ ಹತ್ತನೆಯ ತರಗತಿಯ ಹುಡುಗ ಬಲ್ಬು ಬೆಳಗಿಸಿದ್ದಾನೆ. ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಬೆಳಕು ಏಕೆ ಮಂಕಾಗುತ್ತದೆ ಎಂದು ಈಗ ಅವನೇ ಕೇಳುತ್ತಿದ್ದಾನೆ.

ಮಳೆ ಅಳೆಯುವುದರಲ್ಲಿ ಮಾತ್ರ ಗೊಂದಲವಾಗಿದೆ. ಕಳೆದ ಗುರುವಾರದ ಮಳೆಗೆ ಪಂಚಾಯಿತಿಯ ಮಾಪಕದ ಅಂಕಿ 14 ಮಿ.ಮೀ. ಇತ್ತು, ಮಕ್ಕಳ ಬಾಟಲಿಗಳಲ್ಲಿ 9ರಿಂದ 31ರವರೆಗೆ ಬಂದಿದೆ. ಯಾರದು ಸರಿ ಎಂದು ತರಗತಿಯಲ್ಲಿ ಜಗಳವೇ ಆಯಿತು.

ಉತ್ತರ: ಸಮಾಜ ವಿಜ್ಞಾನ ಶಿಕ್ಷಕ, ಕೋಲಾರ ತಾಲ್ಲೂಕು

ಮೇಡಂ, ನಮ್ಮಲ್ಲಿಯೂ ಹೀಗೆಯೇ ಆಗಿತ್ತು. 31 ಬಂದ ಬಾಟಲಿ ಸೂರಿನ ಕೆಳಗಿತ್ತೇ, 9 ಬಂದದ್ದು ಮರದಡಿ ಇತ್ತೇ ಎಂದು ಮೊದಲು ನೋಡಿಸಿ. ಬಾಟಲಿಯ ತಳ ಉಬ್ಬುತಗ್ಗಾಗಿದ್ದರೆ ಅಳತೆಪಟ್ಟಿಯ ಸೊನ್ನೆಯವರೆಗೆ ಮೊದಲೇ ನೀರು ತುಂಬಿಸಿಟ್ಟು ಅಲ್ಲಿಂದ ಮೇಲಕ್ಕೆ ಅಳೆಯಬೇಕು, ಬಾಯಿಯಿಂದ ತಳದವರೆಗೆ ಅಗಲ ಒಂದೇ ಸಮನಾಗಿರಬೇಕು. ಹತ್ತಿರದ ಗೋಡೆ ಅಥವಾ ಮರದ ಎತ್ತರ ಎಷ್ಟಿದೆಯೋ ಅದರ ಎರಡರಷ್ಟಾದರೂ ದೂರದಲ್ಲಿ, ಬಯಲಿನಲ್ಲಿ ಇಡಿಸಿ. ಇಷ್ಟಾದ ಮೇಲೂ ಎಲ್ಲರ ಅಂಕಿ ಒಂದೇ ಆಗುವುದಿಲ್ಲ, ಏಕೆಂದರೆ ನಮ್ಮ ಕಡೆಯ ಗುಡುಗು ಮಳೆ ಒಂದು ಹೊಲಕ್ಕೆ ಬಿದ್ದು ಪಕ್ಕದ ಹೊಲವನ್ನು ಬಿಡುತ್ತದೆ. ಮುಂದಿನ ಮಳೆಯ ಅಂಕಿಗಳನ್ನು ಊರಿನ ನಕ್ಷೆಯ ಮೇಲೆ ಅವರವರ ಮನೆಯ ಜಾಗದಲ್ಲಿ ಬರೆಸಿ, ಅದರ ಒಂದು ಫೋಟೋವನ್ನು ಇಲ್ಲಿ ಹಾಕಿ. ನಮ್ಮೂರಿನ ನಕ್ಷೆಯನ್ನು ನಾನೂ ಹಾಕುತ್ತೇನೆ.